ಸಾಕುವವರು

ಕುಡುಪಿನ ತಳ ಮುಗಿದಿತ್ತು. ಅಪ್ಪಿ ಬಳ್ಳಿಗಳನ್ನು ಮೇಲಕ್ಕೆ ಬಗ್ಗಿಸಿ ಮೂರನೆಯ ಸುತ್ತು ಹೆಣೆಯುತ್ತಿದ್ದಳು. ಒಂದರ ಮೇಲೆ, ಒಂದರ ಕೆಳಗೆ. ಬಳ್ಳಿ ಒಣಗಿದರೆ ಮುರಿಯುತ್ತದೆ. ಆಗಾಗ ನೀರಿನಲ್ಲಿ ಕೈ ಅದ್ದಿ ಸವರಬೇಕು. ಬೆಳಗಿನಿಂದ ನೀರಿನಲ್ಲಿದ್ದ ಬೆರಳುಗಳು ಬೆಳ್ಳಗಾಗಿ ಸುಕ್ಕುಗಟ್ಟಿದ್ದವು. ಹೆಬ್ಬೆರಳು ಮಾತ್ರ ಕಂದು. ಬಳ್ಳಿಯ ರಸ ಅಲ್ಲಿ ಕುಳಿತು ವರ್ಷಗಳಾಗಿದ್ದವು.

ಕುಡುಪು ಅನ್ನ ಬಸಿಯುವ ಬುಟ್ಟಿ. ಊರಿನ ಜಮೀನುದಾರರ ಗುತ್ತಿನ ಮನೆಯಲ್ಲಿ ಶುಕ್ರವಾರ ಅವರ ಮಗಳ ಬಯಕೆ, ಏಳು ತಿಂಗಳ ಬಸುರಿಗೆ ಮಾಡುವ ಊಟ. ಎರಡು ದೊಡ್ಡ ಕುಡುಪು ಬೇಕೆಂದು ಹೇಳಿ ಕಳಿಸಿದ್ದರು. ಊರಿನ ಎಲ್ಲ ಮನೆಗಳ ಅನ್ನ ಅಪ್ಪಿಯ ಕೈಯ ಬುಟ್ಟಿಯಲ್ಲೇ ಬಸಿಯುವುದು. ಅವಳು ಅಂಗಳದ ಹೊರಗೆ ಬುಟ್ಟಿ ಇಟ್ಟು ಸರಿದ ಮೇಲೆ ಅದಕ್ಕೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಾರೆ. ಅಷ್ಟಾದರೆ ಬುಟ್ಟಿ ಶುದ್ಧ. ಹೆಣೆದವಳಿಗೆ ಅಂಥ ನೀರಿಲ್ಲ.

ಸೋಮವಾರ ಸಂಜೆ, ನಾಲ್ಕನೆಯ ಸುತ್ತು ಶುರುವಾದರೂ ಮಗಳು ಓದುವ ದನಿ ಬರಲಿಲ್ಲ.

ವಾರಿಜಾ ಏಳನೇ ಕ್ಲಾಸು. ಕೊರಗರ ಕೇರಿಯಾದ ಕೊಪ್ಪದ ಐದು ಗುಡಿಸಲುಗಳಲ್ಲಿ ಅಷ್ಟು ದೂರ ಹೋದವಳು ಅವಳೊಬ್ಬಳೇ. ಕೊರಗರ ಮಕ್ಕಳು ಒಂದನೇ ಕ್ಲಾಸಿಗೆ ಹೋಗುತ್ತಾರೆ, ಮಧ್ಯಾಹ್ನದ ಗೋಧಿ ಸಜ್ಜಿಗೆ ತಿನ್ನುತ್ತಾರೆ, ಮಾಸ್ಟ್ರ ಪೆಟ್ಟು ತಿನ್ನುತ್ತಾರೆ, ಒಂದು ದಿನ ಹೋಗುವುದನ್ನು ನಿಲ್ಲಿಸುತ್ತಾರೆ. ಯಾರೂ ಕೇಳಿಕೊಂಡು ಬರುವುದಿಲ್ಲ. ವಾರಿಜಾ ನಿಲ್ಲಿಸಲಿಲ್ಲ. ಸಂಜೆ ಬಂದವಳು ಅಮ್ಮನ ಎದುರು ಕುಳಿತು ಗಟ್ಟಿಯಾಗಿ ಓದಬೇಕು. ಅದು ಅಪ್ಪಿ ಮಾಡಿದ ಕಾನೂನು. ಅಪ್ಪಿಗೆ ಅಕ್ಷರ ಗೊತ್ತಿಲ್ಲ. ಪುಸ್ತಕದ ಕನ್ನಡ ಅರ್ಧ ಅರ್ಥವಾಗುವುದಿಲ್ಲ. ಆದರೆ ದನಿ ಎಲ್ಲಿ ಎಡವಿತು ಎಂದು ಗೊತ್ತಾಗುತ್ತದೆ. ಹೆಣಿಗೆಯಲ್ಲಿ ಒಂದು ಬಳ್ಳಿ ತಪ್ಪಿದರೆ ಬೆರಳಿಗೆ ಗೊತ್ತಾಗುವ ಹಾಗೆ. ಎಡವಿದಲ್ಲಿ ಅವಳು, "ಇನ್ನೊಮ್ಮೆ" ಎನ್ನುತ್ತಾಳೆ.

"ಎಂತ, ಇವತ್ತು ಪುಸ್ತಕ ಇಲ್ವಾ?" ಅಪ್ಪಿ ತಲೆ ಎತ್ತದೆ ಕೇಳಿದಳು.

ವಾರಿಜಾ ಬಾಗಿಲ ಕಂಬಕ್ಕೆ ಒರಗಿ ನಿಂತಿದ್ದಳು. ಕೈಚೀಲ ಇನ್ನೂ ಹೆಗಲಲ್ಲೇ ಇತ್ತು.

"ಇನ್ನು ಓದಿ ಎಂತ ಉಂಟು?"

"ಬಾಯಿ ಮಾತ್ರ ಉಂಟು ನಿನಗೆ. ಕೂತುಕೋ."

"ನನ್ನನ್ನು ಹಾಸ್ಟೆಲಿಗೆ ಕಳಿಸುವುದಿಲ್ಲವಂತೆ. ಪೋಷಕರು ಬೇಡ ಎಂದರಂತೆ."

ಅಪ್ಪಿಯ ಕೈ ನಿಂತಿತು. ಏಳು ಮುಗಿಸಿದ ಮೇಲೆ ಹತ್ತಿರದಲ್ಲಿ ಹೈಸ್ಕೂಲಿಲ್ಲ. ಉಡುಪಿಯಲ್ಲಿ ಸರಕಾರದ ಹಾಸ್ಟೆಲು ಉಂಟು, ಊಟ, ಬಟ್ಟೆ, ಪುಸ್ತಕ ಎಲ್ಲ ಅವರದ್ದೇ ಎಂದು ಸೆಲೀನ್ ಟೀಚರ್ ಹೇಳಿದ್ದರು. ಹಾಸ್ಟೆಲು ಇಲ್ಲವಾದರೆ ಓದು ಇಲ್ಲ. ಓದು ಇಲ್ಲವಾದರೆ ಗುತ್ತಿನ ದನದ ಹಟ್ಟಿ, ಸೆಗಣಿ, ಬಳ್ಳಿ.

"ಯಾವ ಪೋಷಕರು?"

"ನಮ್ಮ ಪೋಷಕರು. ನೀನೇ ಕರೆದುಕೊಂಡು ಬಂದೆಯಲ್ಲ."

*

ಎರಡು ವಾರಗಳ ಹಿಂದೆ ಶಾಲೆಯಿಂದ ಒಂದು ಚೀಟಿ ಬಂದಿತ್ತು. ವಾರಿಜಾ ಓದಿ ಹೇಳಿದ್ದಳು. ಏಳನೇ ತರಗತಿಯ ಮಕ್ಕಳ ಪೋಷಕರು ಶನಿವಾರದ ಸಭೆಗೆ ತಪ್ಪದೆ ಬರಬೇಕು. ಹಾಸ್ಟೆಲಿನ ಅರ್ಜಿಗೆ ಪೋಷಕರ ಒಪ್ಪಿಗೆ ಬೇಕು.

"ಪೋಷಕರು ಅಂದರೆ ಯಾರು?" ಎಂದು ಅಪ್ಪಿ ಕೇಳಿದ್ದಳು.

ವಾರಿಜಾಗೂ ಸರಿಯಾಗಿ ಗೊತ್ತಿರಲಿಲ್ಲ. ಪುಸ್ತಕದ ಹಿಂದೆ ಶಬ್ದಗಳ ಅರ್ಥ ಕೊಟ್ಟ ಹಾಳೆ ಇತ್ತು. ಬೆರಳಿಟ್ಟು ಹುಡುಕಿದಳು. "ಪೋಷಕ. ಸಾಕುವವನು" ಎಂದು ಓದಿದಳು.

ಸಾಕುವವನು. ಅಪ್ಪಿಗೆ ಆಗ ಸಂಶಯವೇ ಬರಲಿಲ್ಲ. ಗಂಡ ಗಣಪನಿಗೂ ಬರಲಿಲ್ಲ. ಡೋಲಿನ ಹಗ್ಗ ಬಿಗಿಯುತ್ತಿದ್ದವನು ಅಲ್ಲಿಂದಲೇ ಹೇಳಿದ್ದ: "ಸಾಕುವವರು ಗುತ್ತಿನವರಲ್ವಾ? ಧನಿಗಳಿಗೆ ಹೇಳಿ ಬಾ."

ಕೊಪ್ಪದಲ್ಲಿ ಹುಟ್ಟಿದವರೆಲ್ಲ ಕೇಳುತ್ತಾ ಬೆಳೆದ ಮಾತು ಅದು. ಗುತ್ತಿನವರು ನಮ್ಮನ್ನು ಸಾಕುವವರು. ಗುತ್ತಿನ ಮನೆಯ ಊಟದ ಎಲೆಗಳಲ್ಲಿ ಉಳಿದದ್ದು ಕೊಪ್ಪಕ್ಕೆ. ಹರಿದ ಸೀರೆ ಕೊಪ್ಪಕ್ಕೆ. ಸತ್ತ ಎಮ್ಮೆ ಕೊಪ್ಪಕ್ಕೆ. ಬದಲಿಗೆ ಹಟ್ಟಿ ಬಾಚುವುದು, ಕಂಬಳದ ದಿನ, ಮದುವೆಯ ದಿನ ಡೋಲು ಬಾರಿಸುವುದು. ಉಳುವವನಿಗೇ ಭೂಮಿ ಎಂಬ ಸರಕಾರದ ಕಾನೂನು ಬಂದು ಡಿಕ್ಲರೇಶನ್ ಕೊಟ್ಟ ಒಕ್ಕಲುಗಳಿಗೆಲ್ಲ ಗದ್ದೆ ಸಿಕ್ಕಿತು. ಕೊಪ್ಪದವರು ಒಕ್ಕಲೂ ಅಲ್ಲ. ಅವರು ಸಾಕಿಸಿಕೊಂಡವರು. ನಾಯಿಯ ಹೆಸರಿನಲ್ಲಿ ಯಾರೂ ಗದ್ದೆ ಬರೆಯುವುದಿಲ್ಲ.

ಅಪ್ಪಿ ಚೀಟಿ ಹಿಡಿದುಕೊಂಡು ಗುತ್ತಿಗೆ ಹೋದಳು. ಅಂಗಳದ ಕೆಳಗೆ ನಿಂತು ಕೂಗಿದಳು. ಭುಜಂಗ ಧನಿಗಳು ಜಗಲಿಯಲ್ಲಿ ವೀಳ್ಯ ಹಾಕುತ್ತಿದ್ದರು. ಚೀಟಿಯನ್ನು ಅಂಚಿನ ಕಲ್ಲಿನ ಮೇಲೆ ಇಟ್ಟು ಅವಳು ಹಿಂದೆ ಸರಿದಳು. ಅವರು ಇಳಿದು ಬಂದು ಎತ್ತಿಕೊಂಡು ಓದಿದರು.

"ಇದನ್ನು ನನಗೆ ಯಾಕೆ ತಂದೆ?"

"ಪೋಷಕರು ಬರಬೇಕಂತೆ ಧನಿಗಳೇ. ನಮ್ಮನ್ನು ಸಾಕುವವರು ನೀವಲ್ವಾ?"

ಧನಿಗಳು ಅವಳನ್ನು ಒಂದು ಕ್ಷಣ ನೋಡಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು. "ಪುಷ್ಪಾ, ಬಾ ಮಾರಾಯ್ತಿ ಇಲ್ಲಿ. ಇವಳು ಹೇಳುವುದನ್ನು ಕೇಳು."

ಅವರ ಹೆಂಡತಿ ಪುಷ್ಪಾವತಿ ಅಮ್ಮ ಬಾಗಿಲಿಗೆ ಬಂದರು. ಅಪ್ಪಿ ಇನ್ನೊಮ್ಮೆ ಹೇಳಬೇಕಾಯಿತು. ಅವರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

"ನೋಡು," ಎಂದರು ಧನಿಗಳು. "ಗದ್ದೆ ನುಂಗಿದ ಒಕ್ಕಲುಗಳಿಗೆ ಈಗ ನನ್ನ ಮುಖ ಕಂಡರೆ ಆಗುವುದಿಲ್ಲ. ಇವಳಿಗಾದರೂ ನೆನಪುಂಟು. ಆಯಿತು, ನಾನೇ ಹೋಗುತ್ತೇನೆ. ಗಣಪನಿಗೆ ಡೋಲು ತರಲಿಕ್ಕೆ ಹೇಳು. ನಾನು ಹೋಗುವುದೆಂದರೆ ಸುಮ್ಮನೆ ಉಂಟಾ?"

ಅಪ್ಪಿಗೆ ಖುಷಿಯಾಗಿತ್ತು. ಧನಿಗಳೇ ಬರುತ್ತಾರೆ ಎಂದರೆ ಕೆಲಸ ಆದಂತೆಯೇ ಎಂದು ಮನೆಯವರೆಗೂ ಹಾರಿಕೊಂಡೇ ಬಂದಿದ್ದಳು.

ಶನಿವಾರ ಬೆಳಿಗ್ಗೆ ಅವಳು ಶಾಲೆಯ ಮೈದಾನ ಗುಡಿಸಿದಳು. ಯಾರೂ ಹೇಳಿರಲಿಲ್ಲ. ಊರಿನಲ್ಲಿ ಸಮಾರಂಭವೆಂದರೆ ಕೊಪ್ಪದವರು ಮೊದಲು ಹೋಗಿ ಗುಡಿಸುವುದೇ ಪದ್ಧತಿ. ಗಣಪ ಕಂಪೌಂಡಿನ ಹೊರಗೆ ನಿಂತು ಡೋಲು ಬಾರಿಸಿದ. ಧನಿಗಳ ಕಾರು ಬಂದಾಗ ಇನ್ನಷ್ಟು ಜೋರಾಗಿ ಬಾರಿಸಿದ. ಹೆಡ್ ಮಾಸ್ಟ್ರು ಓಡಿ ಬಂದು ಕೈಮುಗಿದರು. ಬೆಂಚುಗಳ ಮೇಲೆ ಪೋಷಕರು ಕುಳಿತಿದ್ದರು. ಧನಿಗಳಿಗೆ ಕುರ್ಚಿ.

ಒಬ್ಬೊಬ್ಬರ ಹೆಸರು ಕರೆದರು. ಒಬ್ಬೊಬ್ಬರು ಎದ್ದು ಹೋಗಿ ಮೇಜಿನ ಮೇಲೆ ಸಹಿ ಹಾಕಿದರು. "ವಾರಿಜಾ" ಎಂದಾಗ ಭುಜಂಗ ಧನಿಗಳು ಎದ್ದರು. ಒಂದು ನಗು ಹರಡಿತು. ಹೆಡ್ ಮಾಸ್ಟ್ರು ಮೈಕಿನಲ್ಲಿ, "ಇಂಥ ಉದಾರ ಮನಸ್ಸಿನ ಪೋಷಕರು ಊರಿಗೊಬ್ಬರಿದ್ದರೆ ಸಾಕು" ಎಂದರು. ಜನ ಚಪ್ಪಾಳೆ ಹೊಡೆದರು.

ಕಂಪೌಂಡಿನ ಹೊರಗೆ, ಗುಡಿಸಲು ತಂದಿದ್ದ ಹಿಡಿಸೂಡಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಅಪ್ಪಿಯೂ ಹೊಡೆದಳು.

*

"ಧನಿಗಳು ಎಂತ ಬರೆದಿದ್ದಾರೆ?" ಅಪ್ಪಿ ಈಗ ಕೇಳಿದಳು.

"ಹುಡುಗಿಗೆ ಮುಂದೆ ಓದುವ ಅಗತ್ಯ ಇಲ್ಲ, ಮನೆಯಲ್ಲಿ ಕೆಲಸ ಉಂಟು ಎಂದು. ಸೆಲೀನ್ ಟೀಚರ್ ಇವತ್ತು ತೋರಿಸಿದರು."

"ಯಾರ ಮನೆಯಲ್ಲಿ?"

ವಾರಿಜಾ ಕೈಚೀಲ ಕೆಳಗಿಟ್ಟಳು.

"ಪೋಷಕರು ಅಂದರೆ ಗುತ್ತಿನವರಲ್ಲವಾ ಹಾಗಾದರೆ?"

"ಅಪ್ಪ ಅಮ್ಮ."

"ನಿನಗೆ ಗೊತ್ತಿತ್ತಾ?"

"ಶನಿವಾರ ಗೊತ್ತಾಯಿತು. ಎಲ್ಲರ ಅಮ್ಮಂದಿರು ಬೆಂಚಿನಲ್ಲಿ ಕೂತಿದ್ದರು."

"ಹೇಳಬಾರದಿತ್ತಾ ಮಗಾ? ಓಡಿ ಬಂದು ಹೇಳಬಾರದಿತ್ತಾ?"

ವಾರಿಜಾ ಕಾಲಿನ ಹೆಬ್ಬೆರಳಿನಿಂದ ನೆಲ ಕೆದಕಿದಳು.

"ನೀನು ಚಪ್ಪಾಳೆ ಹೊಡೆಯುತ್ತಿದ್ದೆ."

ಅಪ್ಪಿ ಕುಡುಪನ್ನು ಎತ್ತಿಕೊಂಡಳು. ನಾಲ್ಕನೆಯ ಸುತ್ತು ಮುಗಿಸಿದಳು. ಐದನೆಯದನ್ನೂ ಮುಗಿಸಿದಳು. ಮಗಳ ಮುಖ ನೋಡಲು ಧೈರ್ಯವಿರಲಿಲ್ಲ. ಕೈಗೆ ಕೆಲಸವಿದ್ದರೆ ಕಣ್ಣನ್ನು ಅಲ್ಲೇ ಇಟ್ಟುಕೊಳ್ಳಬಹುದು.

*

ಮರುದಿನ ಬೆಳಿಗ್ಗೆ ಅವಳು ಬಸ್ಸು ನಿಲ್ಲುವಲ್ಲಿ ಕಾದು ನಿಂತಳು. ಸೆಲೀನ್ ಟೀಚರ್ ಉದ್ಯಾವರದಿಂದ ಬರುವವರು. ಕಾಪುವಿನಲ್ಲಿ ಬಸ್ಸು ಬದಲಿಸಿ, ಇಲ್ಲಿ ಇಳಿದು, ಕೊಡೆ ಊರಿಕೊಂಡು ಶಾಲೆಗೆ ನಡೆಯುತ್ತಾರೆ. ಇಳಿದವರು ಅಪ್ಪಿಯನ್ನು ಕಂಡು ನಿಂತರು. ಅಪ್ಪಿ ರಸ್ತೆಯ ಕೆಳಗಿನ ತೋಡಿಗೆ ಇಳಿದು ನಿಂತಳು. ಅದು ಅಭ್ಯಾಸ.

"ಮೇಲೆ ಬಾ ಅಪ್ಪಿ. ಅಲ್ಲಿ ಯಾಕೆ ನಿಂತೆ?"

"ಇರಲಿ ಟೀಚರೇ." ಅವಳು ಸೆರಗಿನ ತುದಿ ಹಿಂಡುತ್ತಾ ಕೇಳಿದಳು, "ಧನಿಗಳು ಬರೆದದ್ದನ್ನು ಅಳಿಸಲಿಕ್ಕೆ ಆಗುವುದಿಲ್ವಾ?"

"ಅವರು ಅವಳ ಪೋಷಕರೇ ಅಲ್ಲ. ಪೋಷಕರು ಅಂದರೆ ನೀನು. ಹೆತ್ತವಳು, ಸಾಕಿದವಳು."

"ನಾನು ಎಂತ ಸಾಕಿದ್ದು ಟೀಚರೇ?"

ಸೆಲೀನ್ ಟೀಚರ್ ಕೊಡೆಯ ತುದಿಯಿಂದ ಜಲ್ಲಿಕಲ್ಲು ಸರಿಸಿದರು.

"ಶನಿವಾರ ನಾನು ಮೇಜಿನ ಹತ್ತಿರವೇ ಇದ್ದೆ ಅಪ್ಪಿ. ಅವರು ಬರೆಯುವುದನ್ನು ಕಂಡೆ. ನೀವಿಬ್ಬರು ಹೊರಗೆ ನಿಂತದ್ದನ್ನೂ ಕಂಡೆ. ನನಗೆ ಬಾಯಿ ಬರಲಿಲ್ಲ."

"ನಮಗೂ ಬರುವುದಿಲ್ಲ ಟೀಚರೇ," ಎಂದಳು ಅಪ್ಪಿ.

ಅವಳು ಚುಚ್ಚಲು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ್ದು. ಆದರೆ ಟೀಚರ ಮುಖ ಕೆಂಪಾಯಿತು. ಹಾಲಿನ ಸೈಕಲ್ಲೊಂದು ಗಂಟೆ ಬಾರಿಸಿಕೊಂಡು ಹೋಯಿತು.

"ಒಂದು ಖಾಲಿ ಅರ್ಜಿ ನನ್ನ ಡ್ರಾಯರಿನಲ್ಲಿ ಉಂಟು," ಎಂದರು ಟೀಚರ್. "ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಅರ್ಜಿಗಳು ಉಡುಪಿಗೆ ಹೋಗುತ್ತವೆ. ಅದಕ್ಕೆ ಮೊದಲು ನೀನು ಆಫೀಸಿಗೆ ಬಂದು ಹೆಬ್ಬೆಟ್ಟು ಒತ್ತಬೇಕು. ಹೆಡ್ ಮಾಸ್ಟ್ರ ಎದುರಿನಲ್ಲಿ. ತಾಯಿಯೇ ಬಂದು ಒತ್ತಿದರೆ ಅವರಿಗೆ ಬೇಡ ಎನ್ನಲಿಕ್ಕೆ ಆಗುವುದಿಲ್ಲ. ಸಾಕ್ಷಿಗೆ ನಾನು ಸಹಿ ಹಾಕುತ್ತೇನೆ."

"ಆಫೀಸು ಅಂದರೆ ಒಳಗಾ?"

"ಒಳಗೆ."

"ಕಿಟಕಿಯಿಂದ ಆಗುವುದಿಲ್ವಾ?"

"ಇಲ್ಲ ಅಪ್ಪಿ," ಎಂದರು ಟೀಚರ್. ದನಿ ಸಣ್ಣದಾಗಿತ್ತು. "ಕಿಟಕಿಯಿಂದ ಬೇಡ."

*

ಬುಧವಾರ ಅಪ್ಪಿ ಎರಡು ಕುಡುಪುಗಳನ್ನು ಹೊತ್ತುಕೊಂಡು ಗುತ್ತಿಗೆ ಹೋದಳು. ದಾರಿಯುದ್ದಕ್ಕೂ ಬಾಯಲ್ಲೇ ಮಾತು ಜೋಡಿಸಿದಳು. ಧನಿಗಳೇ, ಮಗುವನ್ನು ಓದಿಸುತ್ತೇನೆ. ಧನಿಗಳೇ, ನಾನು ತಪ್ಪು ತಿಳಿದೆ. ಧನಿಗಳೇ, ಪೋಷಕರು ಅಂದರೆ ನಾನಂತೆ.

ಅಂಗಳದ ಕೆಳಗೆ ನಿಂತಾಗ ಅರ್ಧ ಮಾತು ಮಾತ್ರ ಹೊರಗೆ ಬಂತು.

"ಹಾಸ್ಟೆಲಾ?" ಭುಜಂಗ ಧನಿಗಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು. "ಉಡುಪಿಯಲ್ಲಿ ಅವಳಿಗೆ ಯಾರುಂಟು? ನಾಳೆ ಹೆಚ್ಚುಕಡಿಮೆಯಾದರೆ ನನ್ನ ಹೆಸರು ಹಾಳು. ಇಲ್ಲಿ ಎಂತ ಕಡಿಮೆಯಾಗಿದೆ ನಿಮಗೆ? ನಾನು ಅನ್ಯಾಯ ಮಾಡಿದ್ದೇನಾ ಹೇಳು."

"ಇಲ್ಲ ಧನಿಗಳೇ."

"ನೀನೇ ಬಂದು ಹೇಳಿದ್ದಲ್ವಾ, ಸಾಕುವವರು ನಾವು ಎಂದು?"

"ಹೌದು ಧನಿಗಳೇ."

ಪುಷ್ಪಾವತಿ ಅಮ್ಮ ಚೊಂಬಿನಿಂದ ಕುಡುಪುಗಳ ಮೇಲೆ ನೀರು ಚಿಮುಕಿಸಿದರು. ಒಂದನ್ನು ಬೆಳಕಿಗೆ ಹಿಡಿದು ನೋಡಿದರು. "ನಿನ್ನ ಕೈ ಇನ್ನೂ ಗಟ್ಟಿ ಉಂಟು," ಎಂದು ಹೊಗಳಿದರು. ಆಮೇಲೆ ನೆನಪಾದವರಂತೆ ಹೇಳಿದರು: "ಶುಕ್ರವಾರ ಹತ್ತು ಗಂಟೆಯ ಒಳಗೆ ಬಾ. ಬಸುರಿ ಊಟಕ್ಕೆ ಕೂರುವ ಮೊದಲು ನಿನ್ನದು ಆಗಬೇಕು. ಮಗಳನ್ನೂ ಕರೆದುಕೊಂಡು ಬಾ. ಅವಳೂ ತಿನ್ನಲಿ. ದೊಡ್ಡವಳಾದಳಲ್ಲ, ಕಲಿಯಲಿ."

ಅಪ್ಪಿ ಒಂದು ಹೆಜ್ಜೆ ಹಿಂದೆ ಸರಿದಳು.

ನಾಲ್ಕು ವರ್ಷಗಳ ಹಿಂದೆ ಧನಿಗಳ ದೊಡ್ಡ ಮಗಳ ಬಯಕೆಯ ದಿನ ಇದೇ ಅಂಗಳದ ಕೆಳಗೆ ಅಪ್ಪಿಗೆ ಎಲೆ ಹಾಕಿದ್ದರು. ಎಲೆಯ ಮೇಲೆ ಅನ್ನ. ಅನ್ನದಲ್ಲಿ ಬಸುರಿಯ ಕೂದಲು, ಕತ್ತರಿಸಿದ ಉಗುರು. ಕಲಸಿ ಇಟ್ಟಿದ್ದರು. ಹೊಟ್ಟೆಯ ಪಿಂಡಕ್ಕೆ ತಗಲುವ ಕೆಟ್ಟದ್ದೆಲ್ಲ ಕೊರಗತಿಯ ಹೊಟ್ಟೆಗೆ ಹೋಗಬೇಕು. ತಾಯಿ ತಿಂದಿದ್ದಳು, ಅಜ್ಜಿ ತಿಂದಿದ್ದಳು. ಅಪ್ಪಿಯೂ ತಿಂದಳು. ಜಗಲಿಯ ಮೇಲೆ ಹೆಂಗಸರು ಸಾಲಾಗಿ ನಿಂತು ನೋಡಿದರು. ಪೂರ್ತಿ ತಿಂದಳಾ, ಉಗುಳಿದಳಾ ಎಂದು. ಕೂದಲು ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ನೀರು ಎತ್ತರದಿಂದ ಹೊಯ್ದರು. ನುಂಗಿದಳು.

ಹಿಂದೆ ತಿರುಗಿದಾಗ ವಾರಿಜಾ ನಿಂತಿದ್ದಳು. ಒಂಬತ್ತು ವರ್ಷ. ಶಾಲೆ ಬಿಟ್ಟು ನೇರ ಅಲ್ಲಿಗೆ ಬಂದಿದ್ದಳು.

"ಅದರಲ್ಲಿ ಎಂತ ಇತ್ತಮ್ಮಾ?" ಎಂದು ದಾರಿಯಲ್ಲಿ ಕೇಳಿದಳು.

"ಅನ್ನ."

"ಬೇರೆ ಎಂತದೋ ಇತ್ತು."

"ಅನ್ನ ಎಂದೆನಲ್ಲ!" ಅಪ್ಪಿ ಅವಳ ಕೆನ್ನೆಗೆ ಹೊಡೆದಿದ್ದಳು. ಮಗಳಿಗೆ ಅವಳು ಹೊಡೆದದ್ದು ಅದೊಂದೇ ಸಲ.

"ಕೇಳಿತಾ?" ಈಗ ಪುಷ್ಪಾವತಿ ಅಮ್ಮ ಅಂದರು. "ಹುಡುಗಿಗೆ ತಲೆ ಸ್ನಾನ ಮಾಡಿಸಿ ಕರೆದುಕೊಂಡು ಬಾ."

"ಆಯಿತಮ್ಮಾ," ಎಂದಿತು ಅಪ್ಪಿಯ ಬಾಯಿ.

ಮನೆಗೆ ಬರುವಾಗ ಅವಳು ದಾರಿಯಲ್ಲಿ ಎರಡು ಸಲ ಕುಳಿತಳು. ಆ ಮಾತು ಹೇಳಿದ್ದು ತನ್ನ ಬಾಯಿಯೇ ಎಂದು ನಂಬಲಾಗಲಿಲ್ಲ. ಯಾರೂ ಕುತ್ತಿಗೆ ಹಿಡಿದಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ಕೇಳಿದ ಕೂಡಲೇ ಮಗಳನ್ನು ಕೊಟ್ಟುಬಿಟ್ಟಳು, ಕುಡುಪು ಕೊಟ್ಟ ಹಾಗೆ. ಚೀಟಿ ಒಯ್ದು ಕೊಟ್ಟವಳೂ ಅವಳೇ.

ಮನೆಯಲ್ಲಿ ಗಣಪನಿಗೆ ಹೇಳಿದಾಗ ಅವನು, "ಬೇಡ ಎಂದರೆ ಎಲ್ಲಿಗೆ ಹೋಗುವುದು? ಗುಡಿಸಲು ಇರುವುದು ಅವರ ಜಾಗದಲ್ಲಿ," ಎಂದ. ಅದೂ ಸುಳ್ಳಲ್ಲ. ಅವನೂ ಅವಳ ಮುಖ ನೋಡಲಿಲ್ಲ.

*

ಗುರುವಾರ ಸಂಜೆ. ಗಣಪ ಅಂಗಳದಲ್ಲಿ ಸೋಗೆಯ ಬೆಂಕಿ ಮಾಡಿ ಡೋಲಿನ ಚರ್ಮ ಕಾಯಿಸುತ್ತಿದ್ದ. ನಡುನಡುವೆ ಬೆರಳಿನಿಂದ ತಟ್ಟಿ ದನಿ ನೋಡುತ್ತಿದ್ದ. ವಾರಿಜಾ ಮೂಲೆಯಲ್ಲಿ ಕುಳಿತಿದ್ದಳು. ಮೂರು ದಿನಗಳಿಂದ ಪುಸ್ತಕ ಮುಟ್ಟಿರಲಿಲ್ಲ.

ಅಪ್ಪಿಯ ಮುಂದೆ ಬಳ್ಳಿ ಇರಲಿಲ್ಲ. ಅವಳು ಒಲೆಯ ಬೂದಿ ತೆಗೆದುಕೊಂಡು, ತೆಂಗಿನ ನಾರಿನಿಂದ ಬಲಗೈಯ ಹೆಬ್ಬೆರಳನ್ನು ಉಜ್ಜುತ್ತಿದ್ದಳು.

"ಆ ಶಬ್ದದ ಹಾಳೆ ತೆಗೆ," ಎಂದಳು ಮಗಳಿಗೆ.

"ಯಾವುದು?"

"ಪೋಷಕ. ಅದನ್ನು ಓದು."

ವಾರಿಜಾ ಮುಖ ಊದಿಸಿಕೊಂಡೇ ಪುಸ್ತಕ ತೆಗೆದಳು. "ಪೋಷಕ. ಸಾಕುವವನು."

"ಸಾಕುವವಳು ಎಂದು ಇಲ್ವಾ?"

ಹುಡುಗಿ ಮೇಲೆ ಕೆಳಗೆ ನೋಡಿದಳು. "ಇಲ್ಲ."

"ಸರಿಯಾಗಿ ನೋಡು."

"ಇಲ್ಲಮ್ಮಾ. ಪುಸ್ತಕದಲ್ಲಿ ಇಲ್ಲ."

ಅಪ್ಪಿ ಉಜ್ಜುತ್ತಲೇ ಇದ್ದಳು. ಬೂದಿ ಕಪ್ಪಾಯಿತು. ಚರ್ಮ ಉರಿಯತೊಡಗಿತು. ನೀರು ಹಾಕಿ ಬೆಳಕಿಗೆ ಹಿಡಿದಳು. ಕಂದು ಪೂರ್ತಿ ಹೋಗಿರಲಿಲ್ಲ. ಆದರೆ ಕೆಳಗೆ ಗೆರೆಗಳು ಕಾಣುತ್ತಿದ್ದವು. ಸಣ್ಣ ಗೆರೆಗಳು, ಸುತ್ತುಸುತ್ತಾಗಿ, ಕುಡುಪಿನ ತಳದ ಹಾಗೆ. ಇಷ್ಟು ವರ್ಷ ಅವಳು ಅವುಗಳನ್ನು ನೋಡಿರಲಿಲ್ಲ.

"ಎಂತ ಮಾಡುತ್ತಿ ಅದು?" ಗಣಪ ಹೊರಗಿನಿಂದ ಕೇಳಿದ.

"ಎಂತ ಇಲ್ಲ. ಕೈ ತೊಳೆಯುವುದು."

"ಬೆಳಿಗ್ಗೆ ಬೇಗ ಹೊರಡಬೇಕು. ನಾನು ಡೋಲು ಹಿಡಿದುಕೊಂಡು ಮೊದಲೇ ಹೋಗುತ್ತೇನೆ. ನೀವಿಬ್ಬರು ಹಿಂದಿನಿಂದ ಬನ್ನಿ."

"ನೀವು ಹೋಗಿ," ಎಂದಳು ಅಪ್ಪಿ.

ಕೊಪ್ಪದಿಂದ ಇಳಿದರೆ ಧೂಪದ ಮರದ ಬುಡದಲ್ಲಿ ದಾರಿ ಕವಲೊಡೆಯುತ್ತದೆ. ಎಡಕ್ಕೆ ಗುತ್ತು. ಬಲಕ್ಕೆ ಶಾಲೆ. ಶಾಲೆಯ ಗೇಟಿನಿಂದ ಆಫೀಸಿನ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಅವಳಿಗೆ ಗೊತ್ತು. ಆ ನೆಲವನ್ನು ಅವಳೇ ಗುಡಿಸಿದ್ದು. ಬಾಗಿಲಿಗೆ ಮೂರು ಮೆಟ್ಟಿಲು. ಅದರ ಆಚೆ ಎಂತ ಉಂಟೆಂದು ಗೊತ್ತಿಲ್ಲ. ನಾಡಿದ್ದು ಈ ಗುಡಿಸಲು ಇರುತ್ತದೋ ಎಂಬುದೂ ಗೊತ್ತಿಲ್ಲ.

ಹಗ್ಗದ ಮೇಲೆ ಮಗಳ ಶಾಲೆಯ ನೀಲಿ ಲಂಗ ಒಣಗುತ್ತಿತ್ತು. ಅಪ್ಪಿ ಎದ್ದು ಹೋಗಿ ಮುಟ್ಟಿ ನೋಡಿದಳು. ಅಂಚು ಇನ್ನೂ ಹಸಿ. ಬೆಂಕಿಯ ಬಿಸಿ ತಾಗುವ ಕಡೆಗೆ ಸರಿಸಿ ಹಾಕಿದಳು.

"ನಾಳೆ ನಾನೂ ಗುತ್ತಿಗೆ ಬರಬೇಕಾ ಅಮ್ಮಾ?" ವಾರಿಜಾ ಕೇಳಿದಳು. ಕೇಳುವಾಗ ದನಿ ಎಡವಿತು. "ಆ ಅನ್ನ ತಿನ್ನಲಿಕ್ಕಾ?"

ಅಪ್ಪಿ ಮಗಳ ಎದುರು ಬಂದು ಕುಳಿತಳು. ಸೋಮವಾರದ ನಂತರ ಮೊದಲ ಸಲ ಅವಳ ಮುಖ ನೋಡಿದಳು.

"ಪಾಠ ತೆಗೆ," ಎಂದಳು. "ಮೊದಲಿನಿಂದ ಓದು."